ಲಾರಿ ಸ್ಟಾರ್ಟ್ ಆಗದಿದ್ದರೆ ಮಂಡ್ಯದ ಚಳಿಯನ್ನು ಬೈಯಬೇಡಿ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಪಾಂಡವಪುರ ಕಡೆಯ ಲಾರಿ ಮಾಲೀಕರೊಬ್ಬರು ಬರೆದದ್ದನ್ನು ಓದಿದೆ. ಚಳಿಗೆ ಡೀಸೆಲ್ ಗಟ್ಟಿಯಾಗುತ್ತಿದೆ, ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗುತ್ತಿಲ್ಲ, ಬಂಕಿನವರು ಏನೋ ಬೆರೆಸುತ್ತಿರಬೇಕು, ಅಧಿಕಾರಿಗಳು ಬಂಕುಗಳನ್ನು ತಪಾಸಣೆ ಮಾಡಬೇಕು ಅಂತ ಅವರ ಬೇಡಿಕೆ. ತಪಾಸಣೆ ಮಾಡಲಿ, ಯಾರು ಬೇಡ ಅಂದರು? ಆದರೆ ಮಂಡ್ಯದ ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ ಅನ್ನುವ ಮಾತನ್ನು ಒಪ್ಪುವುದು ಕಷ್ಟ. ಈ ಮಾತನ್ನು ನಂಬಿ ನಮ್ಮ ಜನ ಎಲ್ಲಿಂದಲೋ ಸೀಮೆಎಣ್ಣೆ ಹುಡುಕಿ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಇಂಜಿನ್‌ಗೆ ಡೀಸೆಲ್ ಒತ್ತುವ ಪಂಪ್ ಬಿಚ್ಚಿಸುತ್ತಾರೆ. ಡೀಸೆಲ್ ಸಿಂಪಡಿಸುವ ನಾಝಲ್ ಬದಲಾಯಿಸುತ್ತಾರೆ. ಹತ್ತಾರು ಸಾವಿರ ಹೋದ ಮೇಲೆ ಗಾಡಿ ನನ್ನ ಶೆಡ್ಡಿಗೆ ಬರುತ್ತದೆ.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಸೆಲ್ಫ್ ಮೋಟಾರ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವುದು), ಡೈನಮೋ (ಬ್ಯಾಟರಿ ಚಾರ್ಜ್ ಮಾಡುವುದು), ವೈರಿಂಗ್ ಕೆಲಸ ಮಾಡುವವನು. ಇಂಜಿನ್ ಮೇಸ್ತ್ರಿಯಲ್ಲ. ಹಾಗಾಗಿ ಎಲ್ಲದಕ್ಕೂ ಕರೆಂಟೇ ಕಾರಣ ಅಂತ ಇವನು ಹೇಳುತ್ತಾನೆ ಅಂತ ಪಂಪ್ ರಿಪೇರಿಯವರು ನಗಬಹುದು. ನಗಲಿ. ಡಿಸೆಂಬರ್, ಜನವರಿಯಲ್ಲಿ ಬೆಲ್ಲದ ಲಾರಿ, ತರಕಾರಿ ಲಾರಿ, ಕಬ್ಬಿನ ಲಾರಿ ಎಲ್ಲವೂ ಒಂದೇ ದೂರು ಹೊತ್ತು ಬರುತ್ತವೆ. "ನಿನ್ನೆ ಮಧ್ಯಾನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು ಕಣಣ್ಣ, ಬೆಳಿಗ್ಗೆ ಅದೇನ್ ಬಂತೋ ಕಾಣೆ." ಬಹಳ ಸಲ ಆ ಕಾಯಿಲೆ ಪಂಪಿನಲ್ಲೂ ಇರುವುದಿಲ್ಲ, ಡೀಸೆಲ್‌ನಲ್ಲೂ ಇರುವುದಿಲ್ಲ.

ಮೊದಲು ಡೀಸೆಲ್ ವಿಷಯ ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ಮಾರುವ ಡೀಸೆಲ್‌ಗೆ ಐಎಸ್ 1460 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ಚಳಿಗಾಲದ ಡೀಸೆಲ್ 3 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯುವಂತೆ ಇರಬೇಕು. 6 ಡಿಗ್ರಿವರೆಗೂ ಫಿಲ್ಟರ್ ಕಟ್ಟಿಕೊಳ್ಳಬಾರದು. ಮಂಡ್ಯ, ಮೈಸೂರಿನಲ್ಲಿ ಬೆಳಗಿನ ಜಾವ 14, 15 ಡಿಗ್ರಿ ಇದ್ದರೆ ನಾವು ಸ್ವೆಟರ್ ಹಾಕಿಕೊಂಡು ಬೆಂಕಿ ಕಾಯಿಸುತ್ತೇವೆ. ತುಂಬ ಇಳಿದರೆ 11, 12. ಆ ಚಳಿ ನಮಗೆ ಜಾಸ್ತಿ, ಡೀಸೆಲ್‌ಗೆ ಏನೂ ಅಲ್ಲ. ಲಡಾಖ್‌ನಲ್ಲಿ ನಿಜವಾಗಿಯೂ ಗಟ್ಟಿಯಾಗುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲ್ ಅನ್ನು ಅಲ್ಲಿಗೆ ಬಿಟ್ಟಿತು. ಗಟ್ಟಿಯಾಗುವುದು ಅಂದರೆ ಡೀಸೆಲ್ ಒಳಗಿರುವ ಮೇಣ ಬೇರೆಯಾಗಿ ಫಿಲ್ಟರ್‌ನಲ್ಲಿ ಕೂರುವುದು. ಅದಾಗಬೇಕಾದರೆ ಚಳಿ ಅಷ್ಟು ಇರಬೇಕು.

ಇದಕ್ಕೆ ಎರಡು ಕಡೆ ವಿನಾಯಿತಿ ಕೊಡುತ್ತೇನೆ. ಬೇಸಿಗೆ ಡೀಸೆಲ್‌ಗೆ ಈ ಮಿತಿ ಸಡಿಲ, ಹರಿಯುವುದಕ್ಕೆ 15 ಡಿಗ್ರಿ, ಫಿಲ್ಟರ್‌ಗೆ 18. ಬಂಕಿನಲ್ಲಿ ಸ್ಟಾಕ್ ಬೇಗ ಬೇಗ ಖಾಲಿಯಾಗುತ್ತದೆ, ಅಲ್ಲಿ ಭಯವಿಲ್ಲ. ಆದರೆ ಏಪ್ರಿಲ್‌ನಲ್ಲಿ ಡ್ರಮ್ಮಿಗೆ ತುಂಬಿಸಿ ತೋಟದ ಶೆಡ್ಡಿನಲ್ಲಿ ಇಟ್ಟ ಡೀಸೆಲ್ ಅನ್ನು ಜನವರಿಯಲ್ಲಿ ಟ್ಯಾಂಕಿಗೆ ಸುರಿದರೆ ಸ್ವಲ್ಪ ಯೋಚನೆ ಮಾಡಬೇಕು. ಇನ್ನೊಂದು ಊಟಿ. ಕ್ಯಾರೆಟ್ ತುಂಬಲು ಹೋದ ಗಾಡಿ ಜನವರಿಯಲ್ಲಿ ಅಲ್ಲಿ ರಾತ್ರಿ ನಿಂತರೆ, ಹುಲ್ಲಿನ ಮೇಲೆ ಹಿಮ ಕೂರುವಂಥ ಬೆಳಗಿನಲ್ಲಿ, ಫಿಲ್ಟರ್ ಕಟ್ಟಿಕೊಂಡರೆ ನಂಬುತ್ತೇನೆ. ಶ್ರೀರಂಗಪಟ್ಟಣದಲ್ಲಿ ಕಟ್ಟಿಕೊಂಡಿತು ಅಂದರೆ ನಂಬುವುದಿಲ್ಲ.

ಕಲಬೆರಕೆ ಅನುಮಾನ ಇದ್ದರೆ ಬಂಕಿನಲ್ಲೇ ಡೆನ್ಸಿಟಿ ಅಳೆದು ತೋರಿಸಿ ಅಂತ ಕೇಳಬಹುದು, ಗ್ರಾಹಕರಿಗೆ ಆ ಹಕ್ಕಿದೆ. ಇನ್ನೂ ಒಂದು ಮಾತು. ಡೀಸೆಲ್ ಕೆಟ್ಟದ್ದಾದರೆ ಗಾಡಿ ಇಡೀ ದಿನ ತೊಂದರೆ ಕೊಡಬೇಕು. ಏರಿನಲ್ಲಿ ಎಳೆಯಬಾರದು, ಹೊಗೆ ಬಿಡಬೇಕು. ಬೆಳಿಗ್ಗೆ ಮಾತ್ರ ಹಟ ಮಾಡಿ, ಬಿಸಿಲೇರಿದ ಮೇಲೆ ಸುಮ್ನೆ ಓಡುವ ಗಾಡಿಯ ರೋಗ ಬೇರೆ ಕಡೆ ಇರುತ್ತದೆ.

ಡೀಸೆಲ್ ಇಂಜಿನ್‌ಗೆ ಕಿಡಿ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತಳ ಬಿಸಿಯಾಗುತ್ತದಲ್ಲ, ಹಾಗೆ ಈ ಗಾಳಿಯೂ ಕಾಯುತ್ತದೆ. 500 ಡಿಗ್ರಿಗಿಂತ ಮೇಲೆ ಹೋಗುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಚಿಲ್ಲರೆ ಡಿಗ್ರಿ ಸಾಕು. ಅಂದರೆ ಗಟ್ಟಿಮುಟ್ಟಾದ ಇಂಜಿನ್‌ಗೆ ಬೇಕಾದಷ್ಟು ಬಿಸಿ ಮಿಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಬದಲು 14 ಇದ್ದರೆ ಏನೂ ಆಗಬಾರದು. ಆದರೆ ಈ ಲೆಕ್ಕ ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ. ಸೆಲ್ಫ್ ನಿಧಾನವಾಗಿ ಉಯ್ಯಂತ ತಿರುಗಿಸಿದರೆ ಅದುಮಿದ ಗಾಳಿ ಪಿಸ್ಟನ್ ರಿಂಗಿನ ಪಕ್ಕದಿಂದ ಕೆಳಗೆ ಜಾರುತ್ತದೆ. ಮಿಕ್ಕ ಬಿಸಿಯನ್ನು ತಣ್ಣಗಿರುವ ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಗೋಡೆ ಕುಡಿದುಬಿಡುತ್ತದೆ. ಡೀಸೆಲ್ ಒಳಗೆ ಬಂದರೂ ಹೊತ್ತುವುದಿಲ್ಲ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ (ಎಲ್ಲ ನಾಝಲ್‌ಗಳಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ, ಅಂದರೆ ರೈಲಿನಿಂದ, ಡೀಸೆಲ್ ಹೋಗುವಂಥವು) ಇನ್ನೂ ಒಂದು ಹೆಜ್ಜೆ ಮುಂದೆ. ತಿರುಗುವ ವೇಗ ಸಾಲದೆ ರೈಲಿನಲ್ಲಿ ಪ್ರೆಶರ್ ಏರದಿದ್ದರೆ ಕಂಪ್ಯೂಟರ್ ಡೀಸೆಲ್ ಅನ್ನೇ ಬಿಡುವುದಿಲ್ಲ.

ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಇರುವುದಕ್ಕಿಂತ ನಮ್ಮ ಜನವರಿ ಬೆಳಿಗ್ಗೆ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ಮೊದಲೇ ಸುಸ್ತಾದ ಬ್ಯಾಟರಿಗೆ, ತುಕ್ಕು ಹಿಡಿದ ಟರ್ಮಿನಲ್‌ಗೆ, ಸವೆದ ಸೆಲ್ಫಿಗೆ ಅಷ್ಟೇ ಸಾಕು. ಮಧ್ಯಾಹ್ನ ಅದೇ ಗಾಡಿ ಹೇಗೋ ದಾಟಿಕೊಳ್ಳುತ್ತಿತ್ತು.

ಹಾಗಾದರೆ ಎಲ್ಲಿಂದ ಹುಡುಕಬೇಕು? ಸ್ಪ್ಯಾನರ್ ಮುಟ್ಟುವ ಮುಂಚೆ ಕಿವಿ ಕೊಡಿ, ಆಮೇಲೆ ಸೈಲೆನ್ಸರ್ ನೋಡಿ. ಒಬ್ಬ ಸೆಲ್ಫ್ ಹೊಡೆಯಲಿ, ಇನ್ನೊಬ್ಬ ಹಿಂದೆ ನಿಲ್ಲಲಿ. ಸೆಲ್ಫ್ ಎಳೆಯಲಾರದೆ ನಿಧಾನವಾಗಿ ತಿರುಗಿದರೆ, ಅಥವಾ ಟಕ್ ಟಕ್ ಅಂತ ಸುಮ್ಮನಾದರೆ, ಅದು ನನ್ನ ಇಲಾಖೆ. ಸೆಲ್ಫ್ ಜೋರಾಗಿ ತಿರುಗುತ್ತಿದೆ, ಆದರೆ ಸೈಲೆನ್ಸರ್‌ನಲ್ಲಿ ಹೊಗೆಯೇ ಇಲ್ಲ ಅಂದರೆ ಇಂಜಿನ್‌ಗೆ ಡೀಸೆಲ್ ಬರುತ್ತಿಲ್ಲ. ಜೋರಾಗಿ ತಿರುಗುತ್ತಿದೆ, ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಇದನ್ನು ನೋಡದೆ ಪಂಪ್ ಬಿಚ್ಚುವವರೇ ಜಾಸ್ತಿ.

ಬ್ಯಾಟರಿ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಅರ್ಧಕ್ಕರ್ಧ ಗಾಡಿಗಳ ಕಥೆ ಅಲ್ಲೇ ಇದೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಡ್ರೈವರ್ ಕ್ಯಾಬಿನ್‌ಗೆ ಒಂದು ಟೇಪು, ಒಂದು ಫೋನ್ ಚಾರ್ಜರ್, ದೇವರ ಫೋಟೋಗೆ ಬಣ್ಣದ ಎಲ್‌ಇಡಿ ಬೇಕು. ಅವೆಲ್ಲ 12 ವೋಲ್ಟಿನವು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಅದಕ್ಕೆ ದುಡ್ಡು ಯಾಕೆ ಅಂತ ಒಂದು ಬ್ಯಾಟರಿಯಿಂದ ಮಾತ್ರ ವೈರ್ ಎಳೆದುಬಿಡುತ್ತಾರೆ. ರಾತ್ರಿ ಲೋಡಿಗೆ ಕಾಯುತ್ತಾ ಹಾಡು ಕೇಳುತ್ತಾರೆ. ಒಂದು ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಬೆಳಿಗ್ಗೆ ಗಾಡಿ ಓಡಿದಾಗ ಡೈನಮೋ ಎರಡಕ್ಕೂ ಸೇರಿಸಿಯೇ ಚಾರ್ಜ್ ಕೊಡುತ್ತದೆ. ಅದಕ್ಕೆ ಎರಡರ ಹೊಟ್ಟೆ ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ತುಂಬಿದ್ದು ಕುದಿದು ನೀರು ಆರಿಸಿಕೊಳ್ಳುತ್ತದೆ, ಖಾಲಿಯಾದದ್ದು ಎಂದೂ ಪೂರ್ತಿ ತುಂಬುವುದಿಲ್ಲ. ಕೆಲವು ತಿಂಗಳಲ್ಲಿ ಎರಡೂ ಹಾಳು. ಮಾಲೀಕರು ಬಂದು ಬ್ಯಾಟರಿ ಕಂಪನಿಯನ್ನು ಬೈಯುತ್ತಾರೆ. ಹಾಡು ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ಒಬ್ಬನೇ ಕೂರುವವನಿಗೆ ಹಾಡು ಬೇಕು. ಕನ್ವರ್ಟರ್ ಹಾಕಿಸಿಕೊಡಿ ಅಂತ ಮಾಲೀಕರಿಗೆ ಹೇಳುತ್ತಿದ್ದೇನೆ.

ಅಳೆಯುವಾಗ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಟ್ಟು 24 ತೋರಿಸಿತು ಅಂತ ಸಮಾಧಾನ ಪಡಬೇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಂದೊಂದೂ 12.6 ವೋಲ್ಟ್ ಇದ್ದರೆ ತುಂಬಿದೆ ಅಂತ ಅರ್ಥ. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವ ಹೊತ್ತಿಗೆ ಒಂದೊಂದೂ ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ಒಂದು ಹತ್ತೂವರೆಯಲ್ಲಿ ನಿಂತು ಇನ್ನೊಂದು ಎಂಟಕ್ಕೆ ಬಿದ್ದರೆ ಕಳ್ಳ ಸಿಕ್ಕಿದ. ಆದರೂ ಒಂದನ್ನೇ ಬದಲಾಯಿಸಬೇಡಿ. ಹಳೆಯದರ ಜೊತೆ ಹೊಸದು ಕಟ್ಟಿದರೆ ಹೊಸದೂ ಬೇಗ ಮುದಿಯಾಗುತ್ತದೆ. ಜೋಡಿಯಾಗಿ, ಒಂದೇ ಕಂಪನಿಯದು, ಒಂದೇ ಆಂಪಿಯರ್‌ನದು ಹಾಕಿ. ಇಂಜಿನ್ ಓಡುತ್ತಿರುವಾಗ ಒಟ್ಟು 28 ವೋಲ್ಟ್ ಆಸುಪಾಸು ಇರಬೇಕು. 27ಕ್ಕಿಂತ ಕಡಿಮೆ ಇದ್ದರೆ ಡೈನಮೋ ನೋಡಿಸಿ, ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಅದೇ ಗತಿಗೆ ಬರುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಸುಸ್ತು ಹೊಡೆದರೆ? ಅಲ್ಲಿ ನಮ್ಮ ಆಯುಧ ಪೂಜೆ ಬರುತ್ತದೆ. ಹಬ್ಬಕ್ಕೆ ಮುಂಚೆ, ಇಲ್ಲವೇ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋಗುವ ಮುಂಚೆ, ಗಾಡಿಗೆ ಬಣ್ಣ ಹೊಡೆಸುತ್ತಾರೆ. ಎಂಟು ವರ್ಷ ದಾಟಿದ ಗಾಡಿಗಂತೂ ವರ್ಷ ವರ್ಷ ಎಫ್‌ಸಿ, ವರ್ಷ ವರ್ಷ ಬಣ್ಣ. ಛಾಸಿಗೆ ಸ್ಪ್ರೇ ಹೊಡೆಯುವ ಹುಡುಗ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿರುತ್ತಾನೆ. ಬಣ್ಣ ಒಣಗಿದ ಮೇಲೆ ಅದೇ ಬಣ್ಣದ ಮೇಲೆ ಬೋಲ್ಟ್ ಬಿಗಿಯುತ್ತಾನೆ. ನೋಡಲು ಚೆಂದ, ಕರೆಂಟ್ ಮಾತ್ರ ಹೋಗುವುದಿಲ್ಲ. ಅಕ್ಟೋಬರ್, ನವೆಂಬರ್ ಹೇಗೋ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಸೆಲ್ಫಿಗೆ ಜಾಸ್ತಿ ಕರೆಂಟ್ ಬೇಕಾದಾಗ ಗುಟ್ಟು ಹೊರಬೀಳುತ್ತದೆ. ಬೆಲ್ಲದ ಲಾರಿಯೊಂದು ಹೀಗೇ ಬಂದಿತ್ತು. ಪಂಪ್ ರಿಪೇರಿ ಆಗಿತ್ತು, ನಾಝಲ್ ಆಗಿತ್ತು, ಸೆಲ್ಫ್ ಕೂಡ ಬೇರೆ ಕಡೆ ಕಟ್ಟಿಸಿದ್ದರು. ಇಂಜಿನ್‌ನಿಂದ ಛಾಸಿಗೆ ಹೋಗುವ ಪಟ್ಟಿ ಬಿಚ್ಚಿ, ಕೆಳಗಿನ ನೀಲಿ ಬಣ್ಣವನ್ನು ಎಮರಿ ಪೇಪರ್‌ನಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಕಟ್ಟಿದೆ. ಮೇಲೆ ಸ್ವಲ್ಪ ಗ್ರೀಸ್. ಮಾರನೆಯ ಬೆಳಿಗ್ಗೆ ಒಂದೇ ಸೆಲ್ಫ್. ಮಾಲೀಕರಿಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು, ಆಗಲೇ ಖರ್ಚಾದ ದುಡ್ಡು ನೆನೆದು.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಮೀಟರ್‌ನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ತುದಿ ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿಯಿರಿ. ಒಬ್ಬ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಪ್ಲಸ್ ಕಡೆಗೂ ಹೀಗೇ, ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೇಲಿನ ದಪ್ಪ ಬೋಲ್ಟ್‌ವರೆಗೆ. ಮೀಟರ್ ಇಲ್ಲದವರಿಗೆ ಕೈಯೇ ಮೀಟರ್. ನಾಲ್ಕು ಸಲ ಸೆಲ್ಫ್ ಹೊಡೆದು, ಕೀ ಆಫ್ ಮಾಡಿ, ಎಲ್ಲ ಜಾಯಿಂಟುಗಳನ್ನು ಮುಟ್ಟಿ ನೋಡಿ. ಯಾವುದು ಬಿಸಿ ಇದೆಯೋ ಅಲ್ಲೇ ತೊಂದರೆ. ಹುಷಾರು, ಕೆಲವು ಸಲ ಬೆರಳು ಸುಡುವಷ್ಟು ಬಿಸಿ ಇರುತ್ತದೆ. ಜಾಯಿಂಟುಗಳೆಲ್ಲ ಸರಿ ಇದ್ದರೆ ಆಗ ಸೆಲ್ಫ್ ಬಿಚ್ಚಿ, ಕಾರ್ಬನ್ ಸವೆದಿದೆಯಾ, ಬುಷ್ ಸವೆದು ಆರ್ಮೇಚರ್ ಉಜ್ಜುತ್ತಿದೆಯಾ ನೋಡಬೇಕು.

ಇಂಜಿನ್ ಆಯಿಲ್ ಬಗ್ಗೆಯೂ ಕೇಳುತ್ತಾರೆ. ಡಬ್ಬದ ಮೇಲೆ 15ಡಬ್ಲ್ಯೂ-40 ಅಂತ ಇದ್ದರೆ ಅದನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರುತ್ತಾರೆ. ನಮ್ಮ ಚಳಿ ಅದಕ್ಕೆ ತಾಗುವುದೇ ಇಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತು ಅಂತ ಬರೀ 40 ನಂಬರಿನ ಸಿಂಗಲ್ ಗ್ರೇಡ್ ಹಾಕಿದ್ದರೆ, ಅಥವಾ ಬದಲಾಯಿಸುವ ಕಾಲ ದಾಟಿ ಆಯಿಲ್ ಗೊಜ್ಜಾಗಿದ್ದರೆ, ಸೆಲ್ಫಿಗೆ ಭಾರ ಹೌದು. ಡ್ರೈವರ್‌ಗಳಿಗೆ ಒಂದು ಮಾತು, ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಕ್ಲಚ್ ಪೂರ್ತಿ ತುಳಿದಿರಿ. ಗೇರ್ ಬಾಕ್ಸ್ ಆಯಿಲ್ ಇನ್ನೂ ಮಂದ, ಅದನ್ನು ತಿರುಗಿಸುವ ಹೊರೆ ತಪ್ಪುತ್ತದೆ.

ಈಗ ಹೊಗೆಯೇ ಬಾರದ ಗಾಡಿ. ಹಳೆಯ ಗಾಡಿಯಾದರೆ ಮೊದಲು ಸ್ಟಾಪ್ ವೈರ್ ನೋಡಿ. ಎಳೆದು ಆಫ್ ಮಾಡಿದ ಗುಂಡಿ ಪೂರ್ತಿ ಒಳಗೆ ಹೋಗಿರುವುದಿಲ್ಲ, ಡೀಸೆಲ್ ಕಟ್ ಆಗಿಯೇ ಇರುತ್ತದೆ. ನಗಬೇಡಿ, ಇಷ್ಟಕ್ಕೇ ಮೇಸ್ತ್ರಿಯನ್ನು ಕರೆಸಿದವರಿದ್ದಾರೆ. ಅದು ಸರಿ ಇದ್ದರೆ ಏರ್ ಹಿಡಿದಿರಬೇಕು. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವುದು ಫೀಡ್ ಪಂಪ್, ಅದರವರೆಗಿನ ಪೈಪಿನಲ್ಲಿ ಡೀಸೆಲ್ ಬರುವುದು ಎಳೆತದಿಂದ. ಅಲ್ಲಿ ವಾಷರ್ ಸವೆದಿದ್ದರೆ ಹೊರಗೆ ಡೀಸೆಲ್ ಸೋರುವುದಿಲ್ಲ, ಒಳಗೆ ಗಾಳಿ ಸೇರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಗಾಡಿ ನಿಂತಾಗ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಜಾರಿ ಹೋಗುತ್ತದೆ. ಬೆಳಿಗ್ಗೆ ಪೈಪಿನಲ್ಲಿ ಬರೀ ಗಾಳಿ. ಹಗಲು ಚಹಾ ಕುಡಿಯಲು ನಿಲ್ಲಿಸಿದಾಗ ಜಾರುವಷ್ಟು ಹೊತ್ತು ಸಿಗುವುದಿಲ್ಲ. ಎಲ್ಲರೂ ಚಳಿಯನ್ನು ಬೈಯುತ್ತಾರೆ, ನಿಜವಾದ ಕಾರಣ ಎಂಟು ಗಂಟೆ ನಿಂತದ್ದು. ಬೇಸಿಗೆಯಲ್ಲಿ ಎರಡು ದಿನ ನಿಲ್ಲಿಸಿದ್ದರೂ ಇದೇ ಆಗುತ್ತಿತ್ತು.

ಗೊತ್ತು ಮಾಡಿಕೊಳ್ಳಲು ಫೀಡ್ ಪಂಪಿನ ಹ್ಯಾಂಡ್ ಪಂಪ್ ಸಾಕು. ಬೆಳಿಗ್ಗೆ ಸೆಲ್ಫ್ ಮುಟ್ಟುವ ಮುಂಚೆ ಅದನ್ನು ಒತ್ತಿ. ನಾಲ್ಕೈದು ಒತ್ತಿಗೇ ಗಟ್ಟಿಯಾದರೆ ಪೈಪ್ ತುಂಬಿದೆ. ಎಷ್ಟು ಒತ್ತಿದರೂ ಪೊಳ್ಳು ಪೊಳ್ಳಾಗಿದ್ದು, ಆಮೇಲೆ ಗಟ್ಟಿಯಾಗಿ, ಗಾಡಿ ತಕ್ಷಣ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ಇನ್ನೂ ಅನುಮಾನವಿದ್ದರೆ ಸಂಜೆ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಬೇರೆ ಪೈಪ್ ಹಾಕಿ, ಅದರ ತುದಿಯನ್ನು ಎತ್ತರದಲ್ಲಿಟ್ಟ ಶುದ್ಧ ಡೀಸೆಲ್ ಕ್ಯಾನಿನಲ್ಲಿ ಮುಳುಗಿಸಿ. ಒಂದು ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿ ಬಿಡಿ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದರೆ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ತಾಮ್ರದ ವಾಷರ್, ಒಂದು ರಬ್ಬರ್ ಹೋಸು, ಮುಗಿಯಿತು. ವಾಟರ್ ಸಪರೇಟರ್‌ನ ನೀರನ್ನೂ ಹಾಗೇ ಇಳಿಸಿ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಚಳಿಯಲ್ಲಿ ನಿಲ್ಲಿಸಿದರೆ ಒಳಗೆ ಹನಿ ಕಟ್ಟಿ ನೀರು ಸೇರುತ್ತದೆ. ಸಂಜೆಯೇ ಡೀಸೆಲ್ ಹಾಕಿಸುವುದು ಒಳ್ಳೆಯದು.

ಒಂದು ಎಚ್ಚರಿಕೆ. ಹಳೆಯ ಮೈಕೋ ಕಂಪನಿಯ ಪಂಪಿನ ಗಾಡಿಯಲ್ಲಿ ನಾಝಲ್ ಪೈಪ್ ನಟ್ ಸಡಿಲಿಸಿ ಏರ್ ತೆಗೆಯುವುದು ಎಲ್ಲರಿಗೂ ಅಭ್ಯಾಸ. ಕಾಮನ್ ರೈಲ್ ಗಾಡಿಯಲ್ಲಿ ಆ ಕೆಲಸ ಮಾಡಲೇಬೇಡಿ. ಅಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ. ಕಾಣದಷ್ಟು ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಆ ಗಾಡಿಗಳಿಗೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಬಿಳಿ ಹೊಗೆ ಬರುವ ಗಾಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಕಪ್, ಜೀಪ್ ಆದರೆ ಇಂಜಿನ್ ಒಳಗಿನ ಗಾಳಿ ಕಾಯಿಸುವ ಹೀಟರ್ ಪ್ಲಗ್ ನೋಡಿ. ಬ್ಯಾಟರಿಯ ಪ್ಲಸ್‌ಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ, ವೈರ್ ಬಿಚ್ಚಿದ ಪ್ಲಗ್ಗಿನ ತಲೆಗೆ ತುದಿ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಎರಡು ಸತ್ತಿದ್ದರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಮತ್ತೆ, ಡ್ಯಾಶ್‌ಬೋರ್ಡಿನ ಹಳದಿ ಸುರುಳಿ ದೀಪ ಆರುವವರೆಗೆ ಕಾಯುವ ತಾಳ್ಮೆಯೂ ಬೇಕಲ್ವಾ? ದೊಡ್ಡ ಲಾರಿಗಳ ಬಹುತೇಕ ಇಂಜಿನ್‌ಗಳಿಗೆ ಈ ಪ್ಲಗ್ಗೇ ಇಲ್ಲ. ಅಲ್ಲಿ ಸೆಲ್ಫ್ ಜೋರಾಗಿ ತಿರುಗಿದರೂ ಬಿಳಿ ಹೊಗೆ ನಿಲ್ಲದಿದ್ದರೆ ಬೋರು, ರಿಂಗು, ವಾಲ್ವು, ನಾಝಲ್, ಟೈಮಿಂಗ್. ಆಗ ಇಂಜಿನ್ ಮೇಸ್ತ್ರಿಯ ಹತ್ತಿರ ಹೋಗಲೇಬೇಕು. ದೊಡ್ಡ ಖರ್ಚಿಗೆ ಅದು ಸರಿಯಾದ ಸಮಯ, ಅದಕ್ಕೆ ಮುಂಚೆ ಅಲ್ಲ.

ನಾನು ಪತ್ರ ಬರೆಯಲು ನಿಜವಾದ ಕಾರಣ ಇನ್ನೊಂದಿದೆ. ಬೆಳಗಿನ ಜಾವ ಕಬ್ಬಿನ ಲಾರಿಯ ಇಂಜಿನ್ ಕೆಳಗೆ ಒಣ ತರಗು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ, ಆಯಿಲ್ ಬಿಸಿಯಾಗಲಿ ಅಂತ. ಮೇಲೆ ಲೋಡು ಕಬ್ಬು, ಪಕ್ಕದಲ್ಲಿ ಡೀಸೆಲ್ ಟ್ಯಾಂಕ್, ಛಾಸಿಯ ಉದ್ದಕ್ಕೂ ಬ್ರೇಕಿನ ಏರ್ ಪೈಪು, ವೈರಿಂಗು. ಕಾರ್ಖಾನೆ ಮುಂದೆ ಒಂದರ ಹಿಂದೆ ಒಂದು ಗಾಡಿ ನಿಂತಿರುತ್ತದೆ. ಒಂದಕ್ಕೆ ಹತ್ತಿದರೆ ಎಷ್ಟಕ್ಕೆ ಹತ್ತುತ್ತದೆ ಅಂತ ಯಾರಾದರೂ ಯೋಚಿಸಿದ್ದಾರಾ? ಇನ್ನು ಕೆಲವರು ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಫಿಲ್ಟರ್ ಬಾಯಿಗೆ ಹಿಡಿಯುತ್ತಾರೆ. ಫಿಲ್ಟರ್ ಕಾಗದದ್ದು ಸ್ವಾಮಿ. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವವರೂ ಇದ್ದಾರೆ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಅದನ್ನು ಹೊಡೆದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಹೊತ್ತಿಕೊಂಡು ರಿಂಗು, ಪಿಸ್ಟನ್ ಒಡೆಯಬಹುದು. ಸೀಮೆಎಣ್ಣೆಗೆ ಡೀಸೆಲ್‌ನ ಜಿಡ್ಡಿಲ್ಲ. ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಎಣ್ಣೆ, ಆದ್ದರಿಂದ ಪಂಪ್ ಸವೆಯುತ್ತದೆ. ಬಿಎಸ್ 6 (ಹೊಗೆ ನಿಯಂತ್ರಣದ ಹೊಸ ನಿಯಮದ) ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿದರೆ ಸುಡದ ಡೀಸೆಲ್ ಸೈಲೆನ್ಸರ್ ಒಳಗಿನ ಫಿಲ್ಟರ್‌ಗೆ ಹೋಗಿ ಅದನ್ನು ಕೆಡಿಸುತ್ತದೆ, ಅದರ ಬೆಲೆ ಕೇಳಿದರೆ ಚಳಿ ಬಿಡುತ್ತದೆ. ಸೆಲ್ಫ್ ಅನ್ನು ಬಿಡದೆ ಹೊಡೆಯುವುದೂ ಅಷ್ಟೆ. ಹತ್ತು ಹದಿನೈದು ಸೆಕೆಂಡ್ ಹೊಡೆದು, ಒಂದು ನಿಮಿಷ ಬಿಟ್ಟು, ಮತ್ತೆ ಹೊಡೆಯಿರಿ. ಇಲ್ಲದಿದ್ದರೆ ಆರ್ಮೇಚರ್ ಸುಟ್ಟು ನನಗೆ ಕೆಲಸ ಸಿಗುತ್ತದೆ. ಆ ಕೆಲಸ ನನಗೆ ಬೇಡ.

ಕೊನೆಗೆ ಲಾರಿ ಮಾಲೀಕರ ಸಂಘದವರಲ್ಲಿ ಒಂದು ವಿನಂತಿ. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಅದು ಸರಿಯೋ ತಪ್ಪೋ ಇಲ್ಲಿ ಚರ್ಚೆ ಬೇಡ. ನಮ್ಮ ತರಕಾರಿ ಗಾಡಿಗಳು ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್‌ನಲ್ಲಿ (ನಮ್ಮ ವಡೆಯ ಮದ್ದೂರು ಅಲ್ಲ, ಕೇರಳ ರಸ್ತೆಯದು), ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲಿ ರಾತ್ರಿಯೆಲ್ಲ ನಿಲ್ಲುತ್ತವೆ. ಕಾಡಿನಂಚಿನ ಚಳಿ ಊರಿನದಕ್ಕಿಂತ ಜಾಸ್ತಿ. ಗೇಟು ತೆಗೆಯುವುದು ಸರಿಯಾಗಿ ಚಳಿ ಕಚ್ಚುವ ಹೊತ್ತಿನಲ್ಲಿ. ಮುಂದಿನ ಗಾಡಿ ಸ್ಟಾರ್ಟ್ ಆಗದಿದ್ದರೆ ಹಿಂದಿನ ಸಾಲೆಲ್ಲ ಹಾರ್ನ್ ಹೊಡೆಯುತ್ತದೆ. ಆ ಗಡಿಬಿಡಿಯಲ್ಲೇ ಬೆಂಕಿ, ಪೆಟ್ರೋಲ್ ಬಟ್ಟೆಯ ಸಾಹಸಗಳೆಲ್ಲ ನಡೆಯುವುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಎರಡೂ ಕಡೆ ಯಾವುದಾದರೂ ಚಹಾ ಅಂಗಡಿಯಲ್ಲಿ ಒಂದೊಂದು ಜೊತೆ ದಪ್ಪ ಜಂಪ್ ಕೇಬಲ್ (ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವುದು) ಇಡಿಸಿ. ಖರ್ಚು ಹಂಚಿಕೊಂಡರೆ ಒಬ್ಬೊಬ್ಬರಿಗೆ ಏನೂ ಆಗುವುದಿಲ್ಲ. ತೆಳುವಾದ ಅಗ್ಗದ ಕೇಬಲ್ ಬೇಡ, ಅದು ಕಾರಿಗೂ ಸಾಲುವುದಿಲ್ಲ.

ಕೇಬಲ್ ಜೊತೆ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆಸಿ ಕಟ್ಟಿ: 24 ವೋಲ್ಟ್ ಲಾರಿಗೆ 24 ವೋಲ್ಟ್ ಲಾರಿಯಿಂದ ಮಾತ್ರ, 12 ವೋಲ್ಟ್ ಪಿಕಪ್‌ಗೆ 12 ವೋಲ್ಟ್ ಗಾಡಿಯಿಂದ ಮಾತ್ರ. ಮೊದಲು ಪ್ಲಸ್‌ಗೆ ಪ್ಲಸ್. ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್‌ನಿಂದ ಕೆಟ್ಟ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ, ಯಾಕೆಂದರೆ ಬ್ಯಾಟರಿ ಬಾಯಲ್ಲಿ ಗ್ಯಾಸ್ ಇರುತ್ತದೆ, ಕಿಡಿ ಹಾರಿದರೆ ಸಿಡಿಯುತ್ತದೆ. ಬಿಚ್ಚುವಾಗ ಉಲ್ಟಾ ಕ್ರಮ. ಬೀಡಿ ಆರಿಸಿ. ಬರೆಸುವವರು ಸಿಗದಿದ್ದರೆ ಹೇಳಿ ಕಳುಹಿಸಿ, ರಟ್ಟು ನಾನೇ ಬರೆದುಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಆಟೋ ಎಲೆಕ್ಟ್ರಿಷಿಯನ್,
ಗುತ್ತಲು ರಸ್ತೆ, ಮಂಡ್ಯ